ಕೆಳಸಾಲಿನ ಮೂಲೆಯ ಗಾಜು

ನಾನೂ ನಾದಿನಿಯೂ ಕಿಟಕಿ ಒರೆಸುವ ಕೆಲಸದವರು. ಆ ಮನೆಯ, ನೆಲದವರೆಗೂ ಚೌಕ ಚೌಕ ಗಾಜು ಕೂರಿಸಿದ ಫ್ರೆಂಚ್ ಕಿಟಕಿಗೆ ಒಂದೊಂದು ಗಾಜಿಗೆ ಇಷ್ಟು ಅಂತ ದರ ಮಾತಾಡಿದ್ದೆವು. ನೀರಿಳಿದು ಕಲೆಯಾಗದಿರಲಿ ಅಂತ ಅವಳು ಒಳಗಿನಿಂದ, ನಾನು ಹೊರಗಿನಿಂದ, ಮೇಲಿಂದ ಕೆಳಕ್ಕೆ ಒರೆಸುತ್ತಾ ಬಂದೆವು.

ಮಧ್ಯಾಹ್ನದ ಬಿಸಿಲಿಗೆ ಗಾಜೆಲ್ಲ ಕಾದಿತ್ತು. ಕೆಳಸಾಲಿನ ಮೂಲೆಯದು ಮಾತ್ರ ತಣ್ಣಗಿತ್ತು. ಎಷ್ಟು ಒರೆಸಿದರೂ ಒಳಗಡೆ ಯಾರೋ ಉಸಿರು ಬಿಟ್ಟ ಹಾಗೆ ಮತ್ತೆ ಮಬ್ಬಾಗುತ್ತಿತ್ತು.

“ಅಲ್ಲಿ ಊದಬೇಡ, ತಮಾಷೆ ಸಾಕು,” ಅಂದೆ.

“ನಾನಿನ್ನೂ ಏಣಿ ಮೇಲಿದೀನಿ, ಅತ್ತಿಗೆ.”

ಆದರೂ ಒರೆಸಿ ಮುಗಿಸಿದೆ.

ಕೊನೆಗೆ ಗಾಜು ಎಣಿಸಿದಾಗ ಅವಳದಕ್ಕಿಂತ ನನ್ನ ಲೆಕ್ಕದಲ್ಲಿ ಒಂದು ಹೆಚ್ಚಿತ್ತು.

“ಮೂಲೆಯದನ್ನೂ ಹಿಡಿದ್ರಾ? ಅಲ್ಲಿ ಗಾಜೇ ಇಲ್ಲವಲ್ಲ,” ಅಂದಳು ನಾದಿನಿ. ಒಳಗಿನಿಂದ ಆ ಚೌಕಕ್ಕೆ ಕೈ ಹಾಕಿ, ಹೊರಗೆ ನಿಂತಿದ್ದ ನನ್ನ ಮೊಣಕಾಲು ಮುಟ್ಟಿದಳು.