ವಿಷ ತಾಗದ ಇಲಿಗಳು

ಬರೀ ವಿಷ ಕುಡಿದ ಇಲಿಗಳ ಯಕೃತ್ತು ಚೆನ್ನಾಗಿತ್ತು. ಜೊತೆಗೆ ಔಷಧಿಯನ್ನೂ ಕುಡಿದವುಗಳದು ಕೆಟ್ಟಿತ್ತು.

ಸುನಿತಾ ಗಾಜಿನ ಪಟ್ಟಿಗಳನ್ನು ಮತ್ತೆ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಏನೂ ಬದಲಾಗಲಿಲ್ಲ. ನವಲಗುಂದ ರಸ್ತೆಯ ಆ ಫಾರ್ಮಸಿ ಕಾಲೇಜಿನಲ್ಲಿ ಅವಳ ಪದವಿ ನಿಂತದ್ದೇ ಈ ಪ್ರಯೋಗದ ಮೇಲೆ. ಎಲ್ಲ ಇಲಿಗಳಿಗೂ ಯಕೃತ್ತು ಕೆಡುವಷ್ಟು ಪ್ಯಾರಾಸಿಟಮಾಲ್. ಅದಕ್ಕೆ ಮೊದಲು ಹಸಿರು ಚೀಟಿಯ ಪಂಜರಗಳಿಗೆ ನೆಲನೆಲ್ಲಿಯ ಸಾರ, ಹಳದಿ ಚೀಟಿಯವಕ್ಕೆ ವಿಟಮಿನ್. ಕೆಂಪು ಚೀಟಿಯವಕ್ಕೆ ಬರೀ ವಿಷ. ಕೆಂಪಿನವು ಕೆಡಬೇಕಿತ್ತು. ಆದದ್ದು ತಿರುವುಮುರುವು.

"ಒಂದೋ ಕೆಂಪು ಪಂಜರಕ್ಕ ನೀ ವಿಷಾನ ಹಾಕಿಲ್ಲ, ಇಲ್ಲಾ ಯಾರೋ ಕೈ ಆಡಿಸ್ಯಾರ," ಎಂದರು ವಿಭಾಗದ ಮುಖ್ಯಸ್ಥ ಪ್ರಭು. "ಸಂಜಿಯೊಳಗ ಗೊತ್ತಾಗಲಿಲ್ಲಂದ್ರ ನಿನ್ನ ಕೆಲಸ ಇಲ್ಲಿಗೆ ಬಂದ್. ನಿಮ್ಮವ್ವನ್ನ ಕರಸು."

ಮಧ್ಯಾಹ್ನದ ಬಸ್ಸಿಗೆ ತಿರ್ಲಾಪುರದಿಂದ ತಾಯಿ ಗೌರಕ್ಕ ಬಂದಳು. ಯಾರೂ ಅವಳಿಗೆ ಸರಿಯಾಗಿ ಏನೂ ಹೇಳಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ಕೂತಳು.

ಅನುಮಾನ ಇಬ್ಬರ ಮೇಲೆ. ವಿಟಮಿನ್ ಭಾಗ ನೋಡುತ್ತಿದ್ದ ಸಹಪಾಠಿ ಗೌರೀಶ. ಇಲಿಗಳ ಕೋಣೆಯ ಆಳು ಕನಕಪ್ಪ. ಬೆಳಗಿನಿಂದ ಕನಕಪ್ಪನನ್ನು ಎಲ್ಲರೂ ಕಳ್ಳನೆಂದೇ ನೋಡುತ್ತಿದ್ದರು. ಅವನು ಬಾಯಿ ಬಿಡುತ್ತಿರಲಿಲ್ಲ.

ಇಲಿಗಳ ತಪಾಸಣೆಗೆ ವಾರಕ್ಕೊಮ್ಮೆ ಬರುತ್ತಿದ್ದ ಪಶುವೈದ್ಯೆ ಮುಮತಾಜ್ ವಿಷಯ ಕೇಳಿ ಕುರ್ಚಿ ಎಳೆದುಕೊಂಡಳು.

"ವಿಷ ಕುಡಿಸಿದವರು ಯಾರು?"

"ನಾನರಿ," ಎಂದಳು ಸುನಿತಾ. "ಗೌರೀಶ ಇಲಿ ಹಿಡಕೊಂಡಿದ್ದ. ಒಂದೂ ಬಿಟ್ಟಿಲ್ಲ."

"ಗೌರೀಶ, ನಿನಗ ಇದರಾಗ ಏನು ಲಾಭ?"

"ಲಾಭಾ? ನನ್ನ ಹಳದಿ ಇಲಿನೂ ಕೆಟ್ಟಾವ್ರಿ. ನನ್ನ ಡಿಗ್ರಿನೂ ಹೋತು."

"ವಿಷ ಕುಡಿಸಿದ ಮುಂಜಾನಿ ಕೋಣ್ಯಾಗ ಏನರ ಬ್ಯಾರೆ ಕಂಡಿತ್ತೇನು?"

"ಇರುವಿ," ಎಂದಳು ಸುನಿತಾ. "ಇವ ವಿಟಮಿನ್ನಿನ ಸಿಹಿ ಸಿರಪ್ ಚೆಲ್ಲಿದ್ದ."

"ನಾ ಚೆಲ್ಲಿಲ್ಲ ಬೇ, ಎಷ್ಟು ಸಲ ಹೇಳಲಿ? ಹಿಂದಿನ ಸಂಜಿ ನಾ ಕ್ಯಾಂಟೀನಿನ್ಯಾಗ ನಿಮ್ಮವ್ವ ತಂದ ಕಡಬು ತಿನ್ನಾಕತ್ತಿದ್ನಿ."

"ಇರುವಿ ಎಲ್ಲಿದ್ದುವು?" ಮುಮತಾಜ್ ಮಾತು ಬಿಡಲಿಲ್ಲ.

"ಕೆಂಪು ಪಂಜರದ ಕೆಳಗಿನ ತಾಟಿನ್ಯಾಗ."

"ಸಿರಪ್ ಎಲ್ಲಿ ಇಡತೀರಿ?"

"ಎದುರಿನ ಕಪಾಟಿನ್ಯಾಗ." ಎಂದಳು ಸುನಿತಾ.

"ಕನಕಪ್ಪ, ಹಿಂದಿನ ಸಂಜಿ ಇಲಿಗಳ ತಿನಿಸು ತಗದಿದ್ರೇನು?"

"ತಗದಿದ್ನಿರಿ. ಬರೇ ನೀರು ಇಟ್ಟಿದ್ನಿ."

"ಆಮ್ಯಾಲ ಯಾರು ಬಂದ್ರು?"

ಅವನು ಗೋಡೆ ನೋಡಿದ. "ಬೇಕಂದ್ರ ನನ್ನ ಕೆಲಸ ತಗೀರಿ. ಹೆಸರು ಕೇಳಬ್ಯಾಡ್ರಿ."

ಮುಮತಾಜ್ ಎದ್ದು ಪಡಸಾಲೆಗೆ ಹೋದಳು. ಎಲ್ಲರೂ ಹಿಂದೆ ಹೋದರು. ಅವಳು ಗೌರಕ್ಕನ ಬಾಜು ಕೂತಳು.

"ಅಕ್ಕಾರ, ಮೊನ್ನೆ ತಂದ ಕಡಬಿನ್ಯಾಗ ಏನು ಹಾಕಿದ್ರಿ?"

"ಕಡ್ಲಿಬ್ಯಾಳಿ, ಬೆಲ್ಲ. ಯಾಕವ್ವ, ನಿನಗ ಸಿಗಲಿಲ್ಲೇನು?"

"ಇಲ್ಲ. ಇಲಿಗೆ ಎಷ್ಟು ಹಾಕಿದ್ರಿ?"

"ಕೆಂಪು ಚೀಟಿ ಪಂಜರಕ್ಕೊಂದು," ಎಂದಳು ಗೌರಕ್ಕ, ಮುಚ್ಚಿಡುವುದೇನೂ ಇಲ್ಲದವಳಂತೆ. "ಅವತ್ತ ಇಲಿವಾರ ಅಲ್ಲೇನು?"

ಸುನಿತಾ ತಾಯಿಯ ಎದುರು ಬಂದು ನಿಂತಳು.

"ಕೇಳ್ರಿ," ಎಂದಳು ಮುಮತಾಜ್. "ಇರುವಿ ಎಲ್ಲಾರಿಗೂ ಕಂಡಾವು. ಸಿರಪ್ಪಿಗೆ ಬಂದಾವಂತ ಬಿಟ್ರಿ. ಸಿರಪ್ ಆಗಿದ್ರ ಎದುರಿನ ಕಪಾಟಿಗೆ ಹೋಗಬೇಕಿತ್ತು. ಪಂಜರದ ತಳದ ಜಾಳಗಿಯಿಂದ ತಾಟಿಗೆ ಬಿದ್ದ ಹೂರಣಕ್ಕ ಬಂದಿದ್ದುವು. ಗಣಪತಿ ಚೌತಿ ಮರುದಿನ, ಇಲಿವಾರಂತ, ಇಲಿಗೆ ಎಡಿ ಇಡೂದು ನನಗೂ ಗೊತ್ತೈತಿ. ಇಲಿ ನೂಲು ಕಡಿಬಾರದಂತ ನಮ್ಮಜ್ಜಿ ಮೈಮುನಬಿ ಮಗ್ಗದ ಕೆಳಗ ಇಡತಿದ್ಲು. ಇಲಿಗೆ ಉಣಿಸಿದವರು ಗೌರಕ್ಕಾರು."

"ಒಂದು ಕಡಬು ತಿಂದ್ರ ವಿಷ ಇಳೀತೇನು?" ಎಂದರು ಪ್ರಭು.

"ಸರ, ವಿಷ ಹಾಕೂ ಹಿಂದಿನ ರಾತ್ರಿ ಉಪವಾಸ ಯಾಕ ಕೆಡವತೀರಿ? ಹೊಟ್ಟಿ ಖಾಲಿ ಇದ್ರ ಲಿವರಿನ್ಯಾಗ ವಿಷ ತಡಿಯೂ ಶಕ್ತಿ ಕಡಿಮಿ ಆಗತೈತಿ. ಕೆಂಪಿನವು ಉಂಡಿದ್ದುವು, ತಡಕೊಂಡುವು. ಉಳಿದವು ಹಸದಿದ್ದುವು, ಕೆಟ್ಟುವು. ನೆಲನೆಲ್ಲಿದೂ ತಪ್ಪಲ್ಲ, ವಿಟಮಿನ್ನಿಂದೂ ತಪ್ಪಲ್ಲ."

"ಕೆಂಪಿಗೆ ಅಷ್ಟ ಯಾಕ ಹಾಕಿದಿ ಅವ್ವಾ?" ಎಂದಳು ಸುನಿತಾ.

"ಬಾಕಿ ಇಲಿಗೆ ಔಷಧ ಐತಿ, ಈ ಕೆಂಪಿನವಕ್ಕ ಏನೂ ಇಲ್ಲಂತ ಕನಕಪ್ಪ ಹೇಳಿದ. ನಿನ್ನ ಡಿಗ್ರಿಗಾಗಿ ಜೀವಾ ಕೊಡತಾವು. ಉಪವಾಸ ಹೆಂಗ ಕಳಸಲಿ?"

ಪ್ರಭು ಕನ್ನಡಕ ತೆಗೆದು ಒರೆಸಿದರು. "ಈ ಫಲಿತಾಂಶ ನಡಿಯೂದಿಲ್ಲ. ಎಲ್ಲಾ ಮೊದಲಿಂದ ಮಾಡಬೇಕು. ಮಾಡತೀಯೇನು?"

"ಮಾಡತೀನ್ರಿ."

"ಅಂದ್ರ ಮತ್ತಷ್ಟು ಇಲಿ ಸಾಯಬೇಕು," ಎಂದಳು ಗೌರಕ್ಕ.

"ಹೌದವ್ವ."

"ನನ್ನ ಸಲುವಾಗಿ."

ಅದು ನಿಜವೇ ಆಗಿತ್ತು.

ಸುನಿತಾ ಕನಕಪ್ಪನ ಕಡೆ ತಿರುಗಿದಳು. "ಕಾಕಾ, ಮುಂಜಾನಿಂದ ಕಳ್ಳ ಅನಿಸ್ಕೊಂಡ್ರಿ. ಅವ್ವನ ಹೆಸರು ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿ? ಈ ಕೋಣಿಗೆ ಬಂದವರೆಲ್ಲಾ ಇಲಿ ಎಣಿಸಿ ಹೋದರು. ಕೈ ಮುಗದಾಕಿ ನಿಮ್ಮವ್ವ ಒಬ್ಬಾಕಿನ. ನನಗೂ ಎರಡು ಕಡಬು ಕೊಟ್ಲು ಬಿಡ್ರಿ."

ಸುನಿತಾ ಬಗ್ಗಿದಳು. ಅವನು ಹಿಂದೆ ಸರಿದ. "ಬ್ಯಾಡವ್ವ, ಈಗಷ್ಟ ಪಂಜರ ತೊಳದು ಬಂದೀನಿ. ಕಾಲೆಲ್ಲಾ ಹೊಲಸ."

ಅವಳು ಮುಟ್ಟಿಯೇ ಎದ್ದಳು.