ಹೆರಾನ್ ಕೋವ್‌ನಲ್ಲಿ ಅಳತೆ ಅಚ್ಚಿನ ಕಳವು

ಜುಲೈ ಹದಿನೆಂಟು, ಶುಕ್ರವಾರ. ಬೆಳಿಗ್ಗೆ ಏಳೂ ಕಾಲಿಗೆ ಹೆರಾನ್ ಕೋವ್ ಪೊಲೀಸ್ ಠಾಣೆಗೆ ಆರ್ಡಿತ್ ಜ್ವಿಕರ್ ಬಂದರು. ಊರಿನ ಹಾಯಿದೋಣಿ ಕ್ಲಬ್ಬಿನ ಮುಖ್ಯ ಅಳತೆಗಾರ್ತಿ; ಅರವತ್ತು ದಾಟಿದ, ಕುಳಿತು ಮಾತಾಡುವ ಅಭ್ಯಾಸವಿಲ್ಲದ ಹೆಂಗಸು. ನಿಂತೇ ದೂರು ಕೊಟ್ಟರು.

ಮರುದಿನದಿಂದ ಪಂದ್ಯ. ಅಷ್ಟರೊಳಗೆ ನಲವತ್ತಾರು ದೋಣಿಗಳನ್ನೂ ಅಳೆದು ಮುಗಿಸಬೇಕು. ದೋಣಿಯನ್ನು ಮಗುಚಿ, ಅದರ ಹಿಂಬದಿಯ ಬಾಗು ನಿಯಮದಂತಿದೆಯೇ ಎಂದು ನೋಡಲು ಮೇಲೆ ಕೂರಿಸುವ ಐದಡಿ ಅಗಲದ ಅಲ್ಯೂಮಿನಿಯಂ ಅಚ್ಚು ರಾತ್ರಿ ಕಳೆಯುವುದರೊಳಗೆ ಶೆಡ್ಡಿನಿಂದ ಕಾಣೆಯಾಗಿತ್ತು. ಅಂಥದ್ದು ಇನ್ನೊಂದಿದ್ದದ್ದು ದೂರದ ಹ್ಯಾಲಿಫ್ಯಾಕ್ಸ್ ನಗರದಲ್ಲಿ. ತರಿಸಿದರೂ ಅಳತೆ ಮುಗಿಸಬೇಕಾದ ಹೊತ್ತಿಗೆ ತಲುಪುವಂತಿರಲಿಲ್ಲ.

ಸಾರ್ಜೆಂಟ್ ಯ್ವೆಟ್ ಮೆಲಾನ್ಸನ್ ದೂರು ಬರೆದುಕೊಂಡು ಕೇಳಿದಳು: "ಹಾಗಾದ್ರೆ ಇವತ್ತು ಅಳತೆ ನಿಲ್ಲಿಸ್ತೀರಾ?"

"ಯಾಕೆ ನಿಲ್ಲಿಸ್ಲಿ? ಹಿಂಬದಿ ನೋಡೋದನ್ನ ಕೊನೆಗೆ ಹಾಕಿದೀನಿ. ದೋಣಿಗಳ ಸಾಲು ನಡೀತಾ ಇರುತ್ತೆ. ನಿಮ್ಮ ಪ್ರಶ್ನೆನೂ ಸಾಲಲ್ಲೇ ಕೇಳಿ. ಯಾರನ್ನೂ ಹೊರಗೆ ಎಳೀಬೇಡಿ."

ಯ್ವೆಟ್ ಮತ್ತು ಕಾನ್ಸ್‌ಟೇಬಲ್ ವೆಂಡೆಲ್ ಇಂಗರ್ಸಾಲ್ ಶೆಡ್ಡಿಗೆ ಹೋಗಿ ಮಹಜರು ಮಾಡಿದರು. ಬಾಗಿಲಿಗೆ ಎಂದೂ ಬೀಗವಿರಲಿಲ್ಲ. ಬೆಲೆಬಾಳುವ ತೂಕದ ಯಂತ್ರ ಇದ್ದಲ್ಲೇ ಇತ್ತು; ಉಳಿದ ಅಚ್ಚುಗಳೂ ಗೋಡೆಯ ಮೇಲಿದ್ದವು. ಕ್ಲಬ್ಬಿನ ಅಡುಗೆಯವನೂ ಹಾಯಿ ಹೊಲಿಯುವವನೂ ಸಾಕ್ಷಿಗಳಾಗಿ ಸಹಿ ಹಾಕಿದರು. ಹಿಂದಿನ ಸಂಜೆ ಊಟದ ಹೊತ್ತಿಗೆ ಅಚ್ಚು ಗೋಡೆಯಲ್ಲೇ ಇತ್ತೆಂದು ಇಬ್ಬರೂ ಹೇಳಿದರು.

ಹೋದ ವರ್ಷದವರೆಗೆ ಚೀಟಿ ಎತ್ತಿ ನಾಲ್ಕೈದು ದೋಣಿಗಳನ್ನು ಮಾತ್ರ ಪೂರ್ತಿ ಅಳೆಯುತ್ತಿದ್ದರು. ಅಷ್ಟು ಮುಗಿಸಲು ಪಂದ್ಯದ ದಿನವೂ ಬೇಕಾಗುತ್ತಿತ್ತು. ಈ ಸಲ ಆರ್ಡಿತ್ ಹುಲ್ಲುಹಾಸಿನ ಮೇಲೆ ನಾಲ್ಕು ಡೇರೆ ಹಾಕಿಸಿದ್ದರು. ಒಂದರಲ್ಲಿ ತೂಕ, ಒಂದರಲ್ಲಿ ಹಾಯಿ ಮತ್ತು ಅದನ್ನು ಕಟ್ಟುವ ಕೂವೆಮರ, ಇನ್ನೊಂದರಲ್ಲಿ ಚುಕ್ಕಾಣಿ, ಕೊನೆಯದರಲ್ಲಿ ದೋಣಿಯ ಮೈಕಟ್ಟು. ಒಂದು ದೋಣಿ ಮುಂದಕ್ಕೆ ಸರಿದರೆ ಹಿಂದೆಯೇ ಇನ್ನೊಂದು. ಹೀಗಾಗಿ ಯಾವ ದೋಣಿಯೂ ತಪ್ಪಿಸಿಕೊಳ್ಳುವಂತಿರಲಿಲ್ಲ.

"ಕದ್ದೋನಿಗೆ ಅಚ್ಚು ಬೇಕಾಗಿರ್ಲಿಲ್ಲ," ಎಂದಳು ಯ್ವೆಟ್. "ಅಚ್ಚು ಇಲ್ಲದಿರೋದು ಬೇಕಾಗಿತ್ತು."

ಅವಳು ಸಾಲಿನ ಉದ್ದಕ್ಕೂ ನಡೆದು ಪ್ರಶ್ನೆ ಕೇಳಿದಳು. ದೋಣಿ ತಳ್ಳುತ್ತಲೇ ಜನ ಉತ್ತರ ಕೊಟ್ಟರು. ಹಿಂದಿನ ಸಂಜೆ ಊಟದ ನಡುವೆ ಎದ್ದು ಹೋದವರು ಹತ್ತಾರು ಮಂದಿ. ಅದರಿಂದ ಏನೂ ತಿಳಿಯಲಿಲ್ಲ. ಬಿಸಿಲು ಹಿತವಾಗಿತ್ತು. ಅಡುಗೆಯವನು ಲಾಬ್‌ಸ್ಟರ್ ತುಂಬಿದ ಬ್ರೆಡ್ ಹಂಚಿದ, ಪೊಲೀಸರಿಗೂ ಸಿಕ್ಕಿತು.

ಒಂದೂವರೆಯ ಹೊತ್ತಿಗೆ ಇಳಿತ ಮುಗಿದು ಕೊಲ್ಲಿ ಬರಿದಾಯಿತು. ಧಕ್ಕೆಯ ತುದಿಯಿಂದ ವೆಂಡೆಲ್ ಕೈಬೀಸಿದ. ಕೆಳಗೆ ಕೆಸರಿನಲ್ಲಿ ಅಚ್ಚು ಬಿಸಿಲಿಗೆ ಹೊಳೆಯುತ್ತ ಬಿದ್ದಿತ್ತು. ಅದಕ್ಕೊಂದು ಕಲ್ಲು ಬೇರೆ ಕಟ್ಟಿತ್ತು.

"ಮೇಡಂ, ನಮ್ಮೂರ ಕಳ್ಳ ಅಲ್ಲ ಇವ್ನು," ಎಂದ ವೆಂಡೆಲ್. "ನಮ್ಮ ಕಡೆಯೋರಾದ್ರೆ ಇಲ್ಲಿ ಬಿಸಾಕ್ತಿದ್ರಾ?"

"ಸಮುದ್ರದ ಕಡೆಯೋರೇ ಅಲ್ಲ," ಎಂದಳು ಯ್ವೆಟ್.

ನೀರು ಇಳಿದು ಹೋಗುತ್ತದೆಂಬ ಯೋಚನೆಯೇ ಬಾರದವನು ಉಬ್ಬರವಿಳಿತವಿಲ್ಲದ ಸರೋವರದಲ್ಲಿ ದೋಣಿ ಕಲಿತವನಿರಬೇಕು. ಸರೋವರಗಳ ಕಡೆಯಿಂದ ಬಂದಿದ್ದದ್ದು ಎರಡೇ ದೋಣಿ. ಒಂದು ಆ ದಿನ ಬೆಳಿಗ್ಗೆಯಷ್ಟೇ ತಲುಪಿತ್ತು. ಇನ್ನೊಂದು ಒಂಟಾರಿಯೊ ಸರೋವರದ ದಡದಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು ರಸೆಲ್ ಪೆಟಿಗ್ರೂ ಮತ್ತು ಅವರ ಮಗಳು ನಡೀನ್ ಅವರದು. ಅಪ್ಪ ಮಗಳು ಗ್ಯಾರೇಜಿನಲ್ಲಿ ಹಲವು ಚಳಿಗಾಲ ಕೂತು ಕೈಯಾರೆ ಕಟ್ಟಿದ ದೋಣಿ. ಅದಕ್ಕಿದು ಮೊದಲ ಪಂದ್ಯ.

ಪೆಟಿಗ್ರೂ ಚುಕ್ಕಾಣಿಯ ಡೇರೆಯ ಮುಂದೆ ನಿಂತಿದ್ದರು. ಮಗಳು ಆಚೆ ಹಾಯಿ ಮಡಚುತ್ತಿದ್ದಳು.

"ನಿನ್ನೆ ಸಂಜೆ ಧಕ್ಕೆ ತುದಿಗೆ ಹೋಗಿದ್ರಾ?" ಯ್ವೆಟ್ ಕೇಳಿದಳು.

"ಗಾಳಿಗೆ ಹೋಗಿದ್ದೆ."

"ನೀರು ಎಷ್ಟಿತ್ತು?"

"ಆಳ ಇತ್ತು. ತಳ ಕಾಣ್ತಿರ್ಲಿಲ್ಲ."

"ಈಗೊಮ್ಮೆ ನೋಡಿ."

ಅವರು ತಿರುಗಿ ನೋಡಿದರು. ಗಂಬೂಟು ಹಾಕಿದ ವೆಂಡೆಲ್ ಕೆಸರಿನಲ್ಲಿ ನಡೆದು ಅಚ್ಚನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದ. ಪೆಟಿಗ್ರೂ ದೋಣಿಯ ಅಂಚು ಹಿಡಿದುಕೊಂಡು, ತಾನೇ ಎಸೆದದ್ದೆಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಮೊದಲ ಚಳಿಗಾಲದಲ್ಲಿ ಹಿಂಬದಿಯ ಚೌಕಟ್ಟನ್ನು ಒಂದು ಬೆರಳಿನಷ್ಟು ತಪ್ಪಾಗಿ ಕೂರಿಸಿದ್ದರು. ಹಲಗೆ ಬಡಿದ ಮೇಲೆ ಗೊತ್ತಾಯಿತು. ಮಗಳು ಅಷ್ಟು ಹುಮ್ಮಸ್ಸಿನಲ್ಲಿದ್ದಳು. ಹೇಳಲು ಬಾಯಿ ಬರಲಿಲ್ಲ. ಚೀಟಿಯಲ್ಲಿ ತಮ್ಮ ದೋಣಿ ಬರಲಾರದೆಂದು ನಂಬಿ ಹೆಸರು ಕೊಟ್ಟಿದ್ದರು. ಈ ಸಲ ಎಲ್ಲ ದೋಣಿಗಳನ್ನೂ ಅಳೆಯುತ್ತಾರೆಂದು ತಿಳಿದದ್ದು ಇಲ್ಲಿಗೆ ಬಂದು ಡೇರೆಗಳನ್ನು ನೋಡಿದಾಗಲೇ.

ಪೆಟಿಗ್ರೂ ಅವರನ್ನು ಬಂಧಿಸಿರುವುದಾಗಿ ಯ್ವೆಟ್ ಹೇಳಿದಳು. ಅಷ್ಟರಲ್ಲಿ ನಡೀನ್ ಬಂದು ಹಿಂದೆ ನಿಂತಿದ್ದಳು.

"ನಂಗೆ ಗೊತ್ತಿತ್ತಪ್ಪ," ಎಂದಳು. "ಎರಡನೇ ಚಳಿಗಾಲದಲ್ಲೇ ಅಳೆದು ನೋಡಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಪೆಟಿಗ್ರೂ ಮಗಳತ್ತ ತಿರುಗಿದರು. "ಮತ್ತೆ ಇಲ್ಲೀವರೆಗೂ ಯಾಕೆ ಬಂದೆ?"

"ಆಗಲ್ಲ ಅಂದ್ರೆ ವಾಪಸ್ ಹೋದ್ರಾಯ್ತು ಅಂತ. ನಿಮ್ಮ ಜೊತೆ ಇಷ್ಟು ದೂರ ಬಂದಹಾಗಾಯ್ತಲ್ಲ."

ಅಚ್ಚನ್ನು ತೊಳೆದು, ಮಹಜರಿಗೆ ಚಿತ್ರ ತೆಗೆದುಕೊಂಡು, ಆರ್ಡಿತ್ ಕೈಗೆ ಕೊಟ್ಟರು. ಉಳಿದ ಅಳತೆಗಳೆಲ್ಲ ಆಗಲೇ ಮುಗಿಯುತ್ತ ಬಂದಿದ್ದವು, ಹಿಂಬದಿಯದೊಂದೇ ಬಾಕಿ. ಕತ್ತಲಾಗುವ ಮುಂಚೆ ಕೊನೆಯ ದೋಣಿಯೂ ಮುಗಿಯಿತು. ಪೆಟಿಗ್ರೂ ದೋಣಿಯ ಹಿಂಬದಿ ನಿಜಕ್ಕೂ ಒಂದು ಬೆರಳು ದಪ್ಪವಿತ್ತು. ಅದರಿಂದ ದೋಣಿ ನಿಧಾನವೇ ಆಗುತ್ತದೆ ಎಂದರು ಆರ್ಡಿತ್. ಆದರೂ ನಿಯಮ ನಿಯಮವೇ. ಅಂಕವಿಲ್ಲದೆ ಎಲ್ಲರ ಹಿಂದೆ ಹೊರಡಬಹುದು, ಅಷ್ಟೇ.

ನ್ಯಾಯಾಲಯಕ್ಕೆ ಹಾಜರಾಗುವುದಾಗಿ ಬರೆದುಕೊಟ್ಟು ಪೆಟಿಗ್ರೂ ಆ ಸಂಜೆಯೇ ಹೊರಬಂದರು. ಪಂದ್ಯದಲ್ಲಿ ಅವರು ದೋಣಿ ಹತ್ತಬಾರದೆಂದು ಕ್ಲಬ್ ತಾಕೀತು ಮಾಡಿತು. ಜೊತೆಗಾರರಿಲ್ಲದೆ ನಿಂತಿದ್ದ ನಡೀನ್ ಹತ್ತಿರ ಶನಿವಾರ ಬೆಳಿಗ್ಗೆ ಆರ್ಡಿತ್ ಲೈಫ್ ಜಾಕೆಟ್ ತೊಟ್ಟು ಬಂದರು.

"ನನ್ನ ಕೆಲಸ ನಿನ್ನೇನೇ ಮುಗೀತು," ಎಂದರು. "ಮೂವತ್ತು ವರ್ಷದಲ್ಲಿ ಮೊದಲನೇ ಸಲ ಪಂದ್ಯದ ದಿನ ಬಿಡುವಾಗಿದೀನಿ. ನಡಿ."

ಧಕ್ಕೆಯ ಮೇಲೆ ಪೆಟಿಗ್ರೂ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಠಾಣೆಯಲ್ಲಿ ಯ್ವೆಟ್ ವರದಿ ಮುಗಿಸುತ್ತಿದ್ದಳು. ಕೃತ್ಯಕ್ಕೆ ಕಾರಣ ಎಂಬಲ್ಲಿ ಅವಳು ಬರೆದದ್ದು ಇಷ್ಟು: ಮಗಳ ಮುಂದೆ ತಪ್ಪೊಪ್ಪಿಕೊಳ್ಳಲು ಸಂಕೋಚ.