ಇಬ್ಬರೂ ಒತ್ತಬೇಕಾದ ಬಟನ್

ಮಂಕುದೀಪ ಬಾಗಿಲಲ್ಲಿ ಬಂದು ನಿಂತಾಗ ಅವಳ ಕೈಯಲ್ಲಿ ಯಾರದೋ ಮುಂಭಾಗದ ಹಲ್ಲಿತ್ತು.

ಪಿಂಗಾಣಿಯ ಹಲ್ಲು. ಕೂದಲೆಳೆಯಂಥ ಬ್ರಷ್ಷಿನಿಂದ ಅದರ ಅಂಚಿಗೆ ತುಸುವೇ ಹಳದಿ ಸವರುತ್ತಿದ್ದಳು; ತೀರಾ ಬೆಳ್ಳಗಿದ್ದರೆ ಕಟ್ಟಿಸಿದ ಹಲ್ಲೆಂದು ಊರಿಗೆಲ್ಲ ಗೊತ್ತಾಗುತ್ತದೆ. ತಲೆಯೆತ್ತಿ ನೋಡಿದಳು. ಬ್ರಷ್ ಜಾರಿತು.

ಅವನ ಕಿವಿಯ ಪಕ್ಕ ನರೆ ಇಣುಕಿತ್ತು. ನಗು ತಡೆಯುವಾಗ ಬಲಗಡೆಯ ತುಟಿಯಷ್ಟೇ ಕೊಂಕುವುದು ಮಾತ್ರ ಹಾಗೇ ಇತ್ತು. ನಾಟಕಮಂದಿರದಲ್ಲಿ ದೀಪ ಕಟ್ಟುವ ಕೆಲಸದವನಾದ್ದರಿಂದ ಅವನಿಗೆ ಮಂಕುದೀಪವೆಂಬ ಅಡ್ಡಹೆಸರು, ಇಟ್ಟವಳು ಅವಳೇ. ಸೇಡಿಗೆ ಅವನು ಅವಳನ್ನು ದಂತಕಥೆ ಎಂದು ಕರೆದಿದ್ದ.

"ನಮ್ಮ ಕಥೆ ಅಳಿಸಬೇಕಿತ್ತು," ಅಂದ. "ನಾನೊಬ್ಬನೇ ಒತ್ತಿದ್ರೆ ಹೋಗಲ್ಲ. ನೀವೂ ಒತ್ತಬೇಕು."

ಪಕ್ಕದ ಮೇಜಿನಲ್ಲಿ ಅಚ್ಚು ಉಜ್ಜುತ್ತಿದ್ದ ಚಿಕ್ಕಮ್ಮ ಕನ್ನಡಕದ ಮೇಲಿಂದ ಇಬ್ಬರನ್ನೂ ಅಳೆದರು. ಹಲ್ಲು ಮಾಡುವ ಆ ಲ್ಯಾಬ್ ಅವರದೇ. ಕಾಲಿನಿಂದ ಒಂದು ಕುರ್ಚಿಯನ್ನು ಅವನತ್ತ ತಳ್ಳಿ, ನಿಂತುಕೊಂಡು ಮಾಡಿದ ಕೆಲಸ ನೆಟ್ಟಗಾಗುವುದಿಲ್ಲವೆಂದರು.

ವರ್ಷಗಳ ಹಿಂದೆ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ದಾರಿ ತಪ್ಪಿದ ಅಂತರಿಕ್ಷ ನೌಕೆ, ಅದರ ಪೈಲಟ್, ಅವನನ್ನು ಬೈದುಬೈದೇ ಬದುಕಿಸುವ ಡಾಕ್ಟರಮ್ಮ. ಇಬ್ಬರೂ ಮನಸ್ಸು ಬಿಚ್ಚುವ ಮೊದಲೇ ಚಾನೆಲಿನವರು ಅದಕ್ಕೆ ಮಂಗಳ ಹಾಡಿಬಿಟ್ಟರು. ಲೈಬ್ರರಿಯ ಮಹಡಿಯಲ್ಲಿ ನಡೆಯುತ್ತಿದ್ದ ಓದುಕೂಟದಲ್ಲಿ ಈ ದುಃಖಕ್ಕೆ ಇದ್ದ ವಾರಸುದಾರರು ಇವರಿಬ್ಬರೇ. ಉಳಿದವರು ದಪ್ಪ ಪುಸ್ತಕಗಳ ಬಗ್ಗೆ ಗಂಟಲು ಹರಿದುಕೊಳ್ಳುವಾಗ ಇವರು ಹಿಂದಿನ ಬೆಂಚಿನಲ್ಲಿ ಕೂತು ಕಥೆಯನ್ನು ಮುಂದುವರಿಸಿದರು. ಇಂಥದ್ದನ್ನು ಫ್ಯಾನ್ ಫಿಕ್ಷನ್ ಅನ್ನುತ್ತಾರೆಂದು ಗೊತ್ತಾದದ್ದು ಆಮೇಲೆ.

ಅವಳದೊಂದು ಅಧ್ಯಾಯ, ಅವನದೊಂದು. ಪೈಲಟನ್ನೋ ಡಾಕ್ಟರಮ್ಮನನ್ನೋ ಜೀವ ಹೋಗುವಂಥ ಇಕ್ಕಟ್ಟಿಗೆ ನೂಕಿ ಅಧ್ಯಾಯ ನಿಲ್ಲಿಸಬೇಕು. ಬಿಡಿಸುವ ತಲೆನೋವು ಇನ್ನೊಬ್ಬರದು. ಅವಳು ನೌಕೆಯ ಆಮ್ಲಜನಕ ಖಾಲಿ ಮಾಡುತ್ತಿದ್ದಳು. ಅವನು ವಾರವಿಡೀ ತಲೆ ಕೆರೆದುಕೊಂಡು, ಕೊನೆಗೆ ಏನೋ ಹಂಚಿಕೆ ಹೂಡಿ ಗೆದ್ದವನಂತೆ ಬರುತ್ತಿದ್ದ. ಆ ಹಾಳೆಗಳನ್ನು ಒಟ್ಟಿಗೆ ಓದುವಾಗ ಭುಜಕ್ಕೆ ಭುಜ ತಾಗುತ್ತಿತ್ತು. ಸರಿದು ಕೂರಲು ಬೆಂಚಿನಲ್ಲಿ ಬೇಕಾದಷ್ಟು ಜಾಗವಿತ್ತು. ಯಾರೂ ಸರಿಯುತ್ತಿರಲಿಲ್ಲ.

ಅವರು ಮೊದಲು ಕಥೆ ಹಾಕಿದ್ದ ವೆಬ್‌ಸೈಟು ಒಂದು ಬೆಳಿಗ್ಗೆ ನಿಯಮ ಬದಲಿಸಿ, ಸಾವಿರಾರು ಕಥೆಗಳನ್ನು ಕಸದ ಹಾಗೆ ಗುಡಿಸಿ ಹಾಕಿತು. ಒಂದು ಮಾತು ಕೇಳಲಿಲ್ಲ. ಬರೆದವರು ಯಾರು? ಪಾಳಿ ಮುಗಿಸಿ ಬಂದ ನರ್ಸ್‌ಗಳು, ಟೈಪಿಸ್ಟುಗಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಬರೆದ ತಾಯಂದಿರು. ಕೂಲಿ ಕೇಳದವರ ಬೆವರು ಮಾಲೀಕರ ಕಣ್ಣಿಗೆ ಚರಂಡಿ ನೀರು. ಅವಳ ಆ ಸಿಟ್ಟು ಇಂದಿಗೂ ಆರಿರಲಿಲ್ಲ.

ಇನ್ನು ಎಲ್ಲಿ ಹಾಕುವುದು? ಜಗಳ ಹುಟ್ಟಿದ್ದೇ ಅಲ್ಲಿ. ಓದುಗರೇ ಚಂದಾ ಎತ್ತಿ ನಡೆಸುತ್ತಿದ್ದ ಪುಟ್ಟ ಸೈಟಿನ ಮೇಲೆ ಅವಳಿಗೆ ಮನಸ್ಸು. ಅಲ್ಲಿ ಜಾಹೀರಾತಿಲ್ಲ, ಧಣಿಯಿಲ್ಲ. ಏನು ಹುಡುಕಿದರೂ ಅದೊಂದನ್ನು ಬಿಟ್ಟು ಬೇರೆಲ್ಲ ತೋರಿಸುತ್ತಿತ್ತು, ನಿಜ. ಸೇರಬೇಕೆಂದರೆ ಆಹ್ವಾನಕ್ಕಾಗಿ ಸಾಲಿನಲ್ಲಿ ಕಾಯಬೇಕಿತ್ತು, ಅದೂ ನಿಜ. ಅವನು ಕಾಯಲಿಲ್ಲ. ಅವಳನ್ನು ಕೇಳದೆ ದೊಡ್ಡ ಕಂಪನಿಯೊಂದರ ಸೈಟಿಗೆ ಕಥೆಯನ್ನು ಏರಿಸಿಬಿಟ್ಟ. ಅಲ್ಲಿ ಪೈಲಟ್ ಡಾಕ್ಟರಮ್ಮನ ಕೈ ಹಿಡಿಯಹೋದರೆ ನಡುವೆ ಫಿನಾಯಿಲಿನ ಜಾಹೀರಾತು ನೆಗೆಯುತ್ತಿತ್ತು. ಜಂಟಿ ಲೇಖಕಿಯಾಗಲು ಒಪ್ಪಿಗೆ ಕೇಳಿ ಮೇಲ್ ಬಂದಾಗ, ತನ್ನ ಅಧ್ಯಾಯಗಳನ್ನು ಅನಾಥವಾಗಿ ಬಿಡಲಾರದೆ ಹಲ್ಲು ಕಚ್ಚಿ ಒಪ್ಪಿದ್ದಳು. ನಿಮಗೆ ಚಪ್ಪಾಳೆಯ ಹಸಿವು ಎಂದು ಅವನ ಮುಖಕ್ಕೇ ಹೇಳಿ ಲೈಬ್ರರಿಯ ಮೆಟ್ಟಿಲಿಳಿದವಳು ಮತ್ತೆ ಹತ್ತಲಿಲ್ಲ. ಅವನೂ ಹಿಂದೆ ಬರಲಿಲ್ಲ. ಕಥೆ ಅಲ್ಲಿಗೇ ನಿಂತಿತು, ವರ್ಷಗಳು ನಿಲ್ಲಲಿಲ್ಲ.

ಈಗ ಆ ಕಂಪನಿ ಹೊಸ ಷರತ್ತು ಹೊರಡಿಸಿದೆಯೆಂದು ಅವನು ವಿವರಿಸಿದ. ತಿಂಗಳು ಮುಗಿದ ಮೇಲೆ ಅಲ್ಲಿ ಉಳಿದ ಕಥೆಗಳೆಲ್ಲ ಅವರ ಸ್ವತ್ತು. ಹೇಗೆ ಬೇಕಾದರೂ ತಿರುಚಬಹುದು, ಯಾರಿಗೆ ಬೇಕಾದರೂ ಮಾರಬಹುದು. ಜಂಟಿ ಕಥೆಯಾದರೆ ಇಬ್ಬರೂ ಬಟನ್ ಒತ್ತಿದರಷ್ಟೇ ಅಳಿಯುತ್ತದೆ. ಅವಳ ಹಳೆಯ ವಿಳಾಸಕ್ಕೆ ಕಳಿಸಿದ ಮೇಲ್ ವಾಪಸ್ ಬಂದಿತ್ತು.

ಹೇಳಿ ಮುಗಿಸಿ ತನ್ನ ಫೋನಿನಲ್ಲಿ ಒತ್ತಿದ. ಅವಳೂ ತನ್ನ ಫೋನಿನಲ್ಲಿ ಆ ಪುಟ ತೆರೆದಳು. ಅಳಿಸುವುದು ಖಚಿತವೇ ಎಂದು ಪರದೆ ಕೇಳಿತು. ಅವಳ ಹೆಬ್ಬೆರಳು ಮುಂದೆ ಹೋಗಿ ಅಲ್ಲೇ ನಿಂತಿತು.

ಆ ದರಿದ್ರ ಪುಟವನ್ನು ಅವಳು ಆಗಾಗ ತೆರೆಯುತ್ತಿದ್ದಳು. ಓದಲಿಕ್ಕಲ್ಲ. ಅವರಿಬ್ಬರ ಹೆಸರು ಅಕ್ಕಪಕ್ಕ ಇದ್ದದ್ದು ಇಡೀ ಲೋಕದಲ್ಲಿ ಅದೊಂದೇ ಕಡೆ.

"ಯಾಕೆ ಅಲ್ಲಿ ಹಾಕಿದ್ರಿ?" ಎಂದು ಕೇಳಿದಳು. ಇಷ್ಟು ವರ್ಷವೂ ಆರೋಪವಾಗಿ ಉಳಿದಿತ್ತೇ ಹೊರತು ಪ್ರಶ್ನೆಯಾಗಿರಲಿಲ್ಲ.

ಅವನು ಮೇಜಿನ ಮೇಲಿನ ಹಲ್ಲುಗಳನ್ನು ನೋಡುತ್ತ ಹೇಳಿದ. "ನೀವು ಹೇಳಿದ ಸೈಟಲ್ಲಿ ಆಗ ಒಂದು ಕಥೆಗೆ ಒಂದೇ ಹೆಸರು ಹಾಕೋಕಾಗ್ತಿತ್ತು. ವಿಚಾರಿಸಿದ್ದೆ. ನನ್ನ ಹೆಸರು ಬಿಟ್ಟುಹೋದ್ರೆ ಹೋಗ್ಲಿ. ಆದ್ರೆ ನಿಮ್ಮ ಪಕ್ಕದಲ್ಲಿ ಇರೋದು ಬಿಟ್ಟುಹೋಗುತ್ತಲ್ಲ."

ಚಿಕ್ಕಮ್ಮನ ಉಜ್ಜುವ ಯಂತ್ರ ಯಾವಾಗಲೋ ನಿಂತಿತ್ತು.

"ಇದನ್ನ ಅವತ್ತೇ ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ಚಪ್ಪಾಳೆ ಹಸಿವು ಅಂದ್ರಲ್ಲ. ಹಸಿದವನ ಥರ ಕಾಣ್ತೀನಾ ಅಂತ ಕನ್ನಡಿ ನೋಡ್ಕೊಂಡು ಕೂತೆ. ಹೊತ್ತಾಗೋಯ್ತು."

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ಮಂಜಾಯಿತು. ಸಂಜೆಯೊಳಗೆ ಹಲ್ಲು ಕ್ಲಿನಿಕ್ಕಿಗೆ ಹೋಗಬೇಕು ಮಗಳೇ, ಅಳಿಸುವುದಾದರೆ ಅಳಿಸು, ಇಲ್ಲವಾದರೆ ಪಾಪ ಆ ಮನುಷ್ಯನಿಗೆ ಒಂದು ಲೋಟ ಟೀ ಆದರೂ ಕೊಡು ಎಂದು ಚಿಕ್ಕಮ್ಮ ಗೋಡೆಗೆ ಹೇಳುವವರಂತೆ ಹೇಳಿದರು.

"ಇದು ಅಳಿದ್ರೆ ನೀವು ಎದ್ದು ಹೋಗ್ತೀರ," ಎಂದಳು ಅವಳು, ತೀರಾ ಮೆಲ್ಲಗೆ. "ಅದಕ್ಕೇ ಕೈ ಬರ್ತಿಲ್ಲ."

ಅವನ ತುಟಿ ಈ ಸಲ ಎರಡೂ ಕಡೆ ಅರಳಿತು.

"ಮೇಲ್ ವಾಪಸ್ ಬಂದಾಗ ನನಗೆಷ್ಟು ಖುಷಿಯಾಯ್ತು ಗೊತ್ತಾ? ಇನ್ನು ನಾನೇ ಬರಲೇಬೇಕಲ್ಲ ಅಂತ."

ಅವಳು ಒತ್ತಿದಳು. ಪುಟ ಬೆಳ್ಳಗಾಯಿತು. ಅವನು ಏಳಲಿಲ್ಲ.

ಹಲ್ಲನ್ನು ತಿದ್ದಿ, ಬಣ್ಣ ಕೂರಲು ಕುಲುಮೆಯಲ್ಲಿ ಸುಟ್ಟು, ಪೆಟ್ಟಿಗೆಗೆ ಹಾಕಿ ಅವಳು ಹೊರಬರುವಾಗಲೂ ಅವನು ಜೊತೆಗಿದ್ದ. ಪುಟ್ಟ ಸೈಟಿನಲ್ಲಿ ಈಗ ಎರಡು ಹೆಸರಿಗೂ ಜಾಗವಿದೆ, ಆದರೆ ಸಾಲು ಮೊದಲಿಗಿಂತ ಉದ್ದವಾಗಿದೆ ಎಂದಳು ಅವಳು. ಹಾಗಾದರೆ ಮತ್ತೊಂದು ಕಡೆ ನೋಡಬಹುದಲ್ಲ ಎಂದ ಅವನು. ಅಲ್ಲಿ ಅಧ್ಯಾಯಗಳನ್ನು ತಿರುವುಮುರುವು ಮಾಡುತ್ತಾರಂತೆ ಎಂದು ಅವಳು ರೇಗಿದಳು. ಅವಳು ಬಲಕ್ಕೆ ತಿರುಗಬೇಕಿದ್ದ ರಸ್ತೆ ಹಿಂದೆ ಉಳಿಯಿತು. ಅವನ ಬಸ್ ನಿಲ್ದಾಣವೂ ಉಳಿಯಿತು. ಎಲ್ಲಿ ಹಾಕುವುದೆಂಬ ಮಾತು ಆ ಸಂಜೆ ತೀರ್ಮಾನವಾಗಲಿಲ್ಲ. ತೀರ್ಮಾನಿಸುವ ಆತುರ ಇಬ್ಬರಿಗೂ ಇರಲಿಲ್ಲ.